ನೇಗಿಲು ಹಿಡಿದ ಸಾಕ್ಷಿ: ಪುನೀತ ಫ್ರಾಂಜ್ ಯೇಗರ್‌ಸ್ಟೆಟರ್

ಪುಣ್ಯಜೀವನವೆಂದೊಡನೆ ನಮ್ಮ ಮನಸ್ಸಿನ ಮುಂದೆ ಮಠದ ಗೋಡೆಗಳು, ಏಕಾಂತದ ತಪಸ್ಸು, ಗುರುಗಳ ನಿಲುವಂಗಿ ಸುಳಿಯುವುದು ಸಹಜ. ಆದರೆ ಹೆಂಡತಿ ಮಕ್ಕಳೊಡನೆ ಸಂಸಾರ ಹೂಡಿ, ದನಕರುಗಳಿಗೆ ಮೇವು ಹಾಕಿ, ಬಿಸಿಲು ಮಳೆಗೆ ಮೈಯೊಡ್ಡಿ ಹೊಲದಲ್ಲಿ ದುಡಿದ ಗೃಹಸ್ಥನೊಬ್ಬನೂ ಧರ್ಮಸಭೆಯ ಪೀಠದ ಮೇಲೆ ಗೌರವ ಪಡೆದಿದ್ದಾನೆ. ಆಸ್ಟ್ರಿಯಾ ದೇಶದ ಫ್ರಾಂಜ್ ಯೇಗರ್‌ಸ್ಟೆಟರ್ ಅಂಥವರು.

ಸಾಲ್ಸಾಖ್ ನದಿಯ ಬಳಿ, ಜರ್ಮನಿಯ ಗಡಿಗೆ ತಾಗಿದಂತೆ ಇರುವ ಸೇಂಟ್ ರಾಡೆಗುಂಡ್ ಎಂಬ ಸಣ್ಣ ಹಳ್ಳಿಯಲ್ಲಿ 1907ರ ಮೇ 20ರಂದು ಫ್ರಾಂಜ್ ಜನಿಸಿದರು. ತಾಯಿ ರೊಸಾಲಿಯಾ ಪರರ ಜಮೀನಿನಲ್ಲಿ ದುಡಿಯುತ್ತಿದ್ದ ಹೆಣ್ಣಾಳು. ತಂದೆತಾಯಿಯರಿಬ್ಬರೂ ಕಡುಬಡವರಾದ ಕಾರಣ ಅವರಿಗೆ ಮದುವೆಯಾಗುವ ಅನುಕೂಲವೂ ಇರಲಿಲ್ಲ. ಮಗುವನ್ನು ಸಾಕಿದವಳು ದೈವಭಕ್ತೆಯಾದ ಅಜ್ಜಿ. ಹೆತ್ತ ತಂದೆ ಮೊದಲನೆಯ ಮಹಾಯುದ್ಧದಲ್ಲಿ ಮಡಿದರು. 1917ರಲ್ಲಿ ತಾಯಿ ಹೈನ್‌ರಿಖ್ ಯೇಗರ್‌ಸ್ಟೆಟರ್ ಎಂಬ ರೈತನ ಕೈಹಿಡಿದಾಗ, ಆತ ಹುಡುಗನನ್ನು ದತ್ತು ಪಡೆದು ತನ್ನ ಮನೆತನದ ಹೆಸರನ್ನಿತ್ತ. ಆ ಮನೆಯ ಹಿರಿಯಜ್ಜನ ಬಳಿ ಇದ್ದ ಪುಸ್ತಕಗಳು ಬಾಲಕನಿಗೆ ಓದಿನ ರುಚಿ ಹತ್ತಿಸಿದವು.

ಯೌವನದ ಫ್ರಾಂಜ್ ಸಂತರಂತೆ ಕಾಣುತ್ತಿರಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. 1927ರಿಂದ ಮೂರು ವರ್ಷ ಐಸನೆರ್ಟ್ಸ್ ಎಂಬಲ್ಲಿನ ಕಬ್ಬಿಣದ ಗಣಿಯಲ್ಲಿ ಕೂಲಿ ಮಾಡಿದರು. ಅಲ್ಲಿ ವಿಶ್ವಾಸವೂ ಸಡಿಲವಾಯಿತು. ಊರಿಗೆ ಮೊದಲ ಮೋಟಾರ್ ಸೈಕಲ್ ತಂದವರು ಅವರೇ. 1933ರಲ್ಲಿ ವಿವಾಹವಿಲ್ಲದೆ ಹೆಣ್ಣುಮಗುವೊಂದರ ತಂದೆಯಾದರು. ಆದರೆ ಆ ಹೊಣೆಯಿಂದ ನುಣುಚಿಕೊಳ್ಳದೆ ಮಗುವಿನ ಪೋಷಣೆಗೆ ನೆರವಾದರು. ಪಶ್ಚಾತ್ತಾಪವೂ ದುಡಿಮೆಯೂ ಅವರನ್ನು ಮೆಲ್ಲನೆ ಮರಳಿ ದೇವರೆಡೆಗೆ ತಂದವು.

1936ರ ಏಪ್ರಿಲ್ 9, ಪವಿತ್ರ ಗುರುವಾರದಂದು ಫ್ರಾನ್ಸಿಸ್ಕಾ ಎಂಬ ರೈತಕನ್ಯೆಯೊಡನೆ ಅವರ ವಿವಾಹ ನೆರವೇರಿತು. ದಂಪತಿಗಳು ಮದುವೆಯಾದೊಡನೆ ರೋಮ್ ನಗರಕ್ಕೆ ಯಾತ್ರೆ ಹೊರಟರು. ಮುಂದೆ ರೊಸಾಲಿಯಾ, ಮರಿಯಾ, ಅಲೋಯಿಸಿಯಾ ಎಂಬ ಮೂವರು ಹೆಣ್ಣುಮಕ್ಕಳು ಜನಿಸಿದರು. ಕೂಡಿ ಪ್ರಾರ್ಥಿಸುವುದು, ಕೂಡಿ ಪವಿತ್ರ ಗ್ರಂಥ ಓದುವುದು ಆ ಮನೆಯ ರೂಢಿಯಾಯಿತು. ಹೊಲದ ಗೇಯ್ಮೆಯ ನಡುವೆಯೇ ಫ್ರಾಂಜರ ಪ್ರಾರ್ಥನೆ ಸಾಗುತ್ತಿತ್ತು. ತಮಗಿಂತ ಬಡವರಿಗೆ ಅವರ ಮನೆಯಿಂದ ಆಹಾರ ಹೋಗುತ್ತಿತ್ತು. 1941ರ ಬೇಸಗೆಯಿಂದ ಅವರು ಊರಿನ ದೇವಾಲಯದ ಪರಿಚಾರಕರೂ ಆದರು. ಬಲಿಪೂಜೆಗೆ ಸಿದ್ಧತೆ ಮಾಡುವ, ಗಂಟೆ ಬಾರಿಸುವ ಆ ಕಿರುಸೇವೆ ಎಷ್ಟು ಹಿರಿದೆಂಬುದು ನಮ್ಮ ದೇವಾಲಯಗಳಲ್ಲಿ ಅದನ್ನು ಮಾಡಿದವರಿಗೆ ಗೊತ್ತು.

ಅಷ್ಟರಲ್ಲಿ ದೇಶದ ಮೇಲೆ ಕತ್ತಲೆ ಕವಿದಿತ್ತು. 1938ರ ಜನವರಿಯ ಒಂದು ರಾತ್ರಿ ಫ್ರಾಂಜ್ ಕನಸು ಕಂಡರು: ಬೆಟ್ಟವನ್ನು ಬಳಸಿ ಬರುತ್ತಿದ್ದ ಸುಂದರವಾದ ರೈಲೊಂದನ್ನು ಏರಲು ಜನರು, ಮಕ್ಕಳು ಸಹ, ಮುಗಿಬೀಳುತ್ತಿದ್ದಾರೆ, ಆ ರೈಲು ನರಕಕ್ಕೆ ಹೋಗುವುದೆಂದು ಒಂದು ಧ್ವನಿ ಎಚ್ಚರಿಸುತ್ತದೆ. ಆ ರೈಲು ನಾಜಿ ಪಂಥವೆಂದೇ ಅವರು ಅರಿತರು. ಮಾರ್ಚ್ ತಿಂಗಳಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾವನ್ನು ಆಕ್ರಮಿಸಿತು. ಏಪ್ರಿಲ್ 10ರ ಜನಮತಗಣನೆಯಲ್ಲಿ ಆ ಊರಿನಿಂದ ವಿರೋಧದ ಮತ ಹಾಕಿದವರು ಫ್ರಾಂಜ್ ಒಬ್ಬರೇ. ನಾಜಿ ಸರಕಾರ ಕೊಡುತ್ತಿದ್ದ ಮಕ್ಕಳ ಸಹಾಯಧನವನ್ನೂ ಅವರು ಮುಟ್ಟಲಿಲ್ಲ.

1940ರಲ್ಲಿ ಸೈನ್ಯದ ಕರೆ ಬಂದಾಗ ಹೋಗಿ ತರಬೇತಿ ಪಡೆದರು. ಅಲ್ಲಿ ಕಂಡದ್ದು ಕೇಳಿದ್ದು ಅವರ ನಿರ್ಧಾರವನ್ನು ಗಟ್ಟಿಗೊಳಿಸಿತು. ಇದೇ ಕಾಲದಲ್ಲಿ ಸಂತ ಫ್ರಾನ್ಸಿಸರ ಮೂರನೆಯ ಸಭೆಗೆ ಸೇರಿದರು. 1941ರ ಏಪ್ರಿಲ್‌ನಲ್ಲಿ ಬೇಸಾಯದ ನಿಮಿತ್ತ ಮನೆಗೆ ಮರಳಿದ ಅವರು, ಅನ್ಯಾಯದ ಯುದ್ಧದಲ್ಲಿ ಇನ್ನು ಆಯುಧ ಹಿಡಿಯುವುದಿಲ್ಲವೆಂದು ನಿಶ್ಚಯಿಸಿದರು. ಗುರುಗಳ ಸಲಹೆ ಕೇಳಿದರು. ಲಿಂಜ್ ನಗರದ ಧರ್ಮಾಧ್ಯಕ್ಷರನ್ನೂ ಕಂಡರು. ಸಂಸಾರದ ಹೊಣೆಯನ್ನು ನೆನೆಯುವಂತೆ ಅವರಿಗೆ ದೊರೆತ ಬುದ್ಧಿವಾದ. ಗುರುಗಳಾದ ನಾವು ಈ ಸಂಗತಿಯನ್ನು ವಿನಯದಿಂದ ಓದಬೇಕು. ನೇಗಿಲು ಹಿಡಿದವನಿಗೆ ಸ್ಪಷ್ಟವಾಗಿ ಕಂಡ ದಾರಿ, ಶಾಸ್ತ್ರ ಓದಿದವರಿಗೆ ಕಾಣಲಿಲ್ಲ.

ಅವರಿಗೆ ಸಂಸಾರದ ಮೇಲೆ ಮಮತೆ ಕಡಿಮೆಯಿತ್ತೆಂದು ಯಾರೂ ತಿಳಿಯಬಾರದು. ಪತ್ನಿಯೂ ಮೊದಲು ಬೇಡವೆಂದು ಬೇಡಿಕೊಂಡಳು. ಆದರೆ ಎಲ್ಲರೂ ವಾದಕ್ಕಿಳಿದು ಗಂಡ ಒಂಟಿಯಾದುದನ್ನು ಕಂಡಾಗ ಆಕೆ ಅವರ ಪಕ್ಕದಲ್ಲಿ ನಿಂತಳು. 1943ರ ಮಾರ್ಚ್ 1ರಂದು ಎನ್ಸ್ ಪಟ್ಟಣದ ಸೇನಾ ಠಾಣೆಗೆ ಹಾಜರಾಗಿ ತಮ್ಮ ನಿರಾಕರಣೆಯನ್ನು ತಿಳಿಸಿದರು, ಕೂಡಲೇ ಬಂಧನವಾಯಿತು. ಗಾಯಾಳುಗಳ ಶುಶ್ರೂಷೆ ಮಾಡಲು ತಾವು ಸಿದ್ಧರೆಂದು ಹೇಳಿದರೂ ಅಧಿಕಾರಿಗಳು ಒಪ್ಪಲಿಲ್ಲ. ಸೆರೆಮನೆಯಿಂದ ಬರೆದ ಪತ್ರಗಳಲ್ಲಿ ಪ್ರಾರ್ಥನೆಯ ಜೊತೆಗೆ ಹೊಲದ ಕೆಲಸದ ವಿಚಾರಣೆಯೂ ಇರುತ್ತಿತ್ತು. ತಂದೆ ಬೇಗ ಬರಲೆಂದು ಬರೆದ ಫಲಕ ಹಿಡಿದು ನಿಂತ ಮೂವರು ಕಂದಮ್ಮಗಳ ಭಾವಚಿತ್ರವೊಂದು ಉಳಿದಿದೆ. ಅದನ್ನು ನೋಡಿದವರು ಅವರು ತೆತ್ತ ಬೆಲೆ ಏನೆಂದು ಬಲ್ಲರು.

ಮೇ ತಿಂಗಳಲ್ಲಿ ಅವರನ್ನು ಬರ್ಲಿನ್ನಿನ ಟೇಗೆಲ್ ಸೆರೆಮನೆಗೆ ಒಯ್ಯಲಾಯಿತು. ಜುಲೈ 6ರಂದು ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಫ್ರಾಂಜ್ ರೈನಿಷ್ ಎಂಬ ಗುರುಗಳು ಇದೇ ಕಾರಣಕ್ಕೆ ಹಿಂದಿನ ವರ್ಷ ಪ್ರಾಣ ತೆತ್ತಿದ್ದರೆಂದು ಸೆರೆಮನೆಯ ಗುರುಗಳಿಂದ ತಿಳಿದಾಗ ಅವರಿಗೆ ಬಹಳ ಸಮಾಧಾನವಾಯಿತು. ಆ ತಿಂಗಳಲ್ಲೇ ಪತ್ನಿ, ಊರಿನ ಗುರುಗಳೊಡನೆ ಬಂದು ಕೊನೆಯ ಬಾರಿ ಅವರನ್ನು ಕಂಡಳು. 1943ರ ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗ್ ಸೆರೆಮನೆಯಲ್ಲಿ ಅವರ ಶಿರಚ್ಛೇದವಾಯಿತು. ಆಗ ವಯಸ್ಸು 36. ಹಿರಿಯ ಮಗಳಿಗೆ ಇನ್ನೂ ಆರು ತುಂಬಿರಲಿಲ್ಲ.

ಕನ್ಯಾಸ್ತ್ರೀಯರು ಜೋಪಾನ ಮಾಡಿದ್ದ ಅವರ ಚಿತಾಭಸ್ಮವನ್ನು 1946ರ ಆಗಸ್ಟ್ 9ರಂದು ಸ್ವಗ್ರಾಮದ ದೇವಾಲಯದ ಗೋಡೆಯ ಪಕ್ಕದಲ್ಲಿ ಹೂಳಲಾಯಿತು. ಆದರೆ ಊರಿನವರ ಮನಸ್ಸು ಬೇಗ ಕರಗಲಿಲ್ಲ. ಗಂಡನ ಸಾವಿಗೆ ಹೆಂಡತಿಯ ಭಕ್ತಿಯೇ ಕಾರಣವೆಂದು ದೂರಿದವರುಂಟು. ವಿಧವಾ ವೇತನವೂ ಆಕೆಗೆ ವರ್ಷಗಳ ಕಾಲ ಸಿಗಲಿಲ್ಲ. ಆಕೆ ಮಾತ್ರ ಗಂಡನ ಪರಿಚಾರಕ ಸೇವೆಯನ್ನು ಮುಂದುವರಿಸಿ, ಹೊಲ ಉತ್ತು, ಮಕ್ಕಳನ್ನು ಬೆಳೆಸಿದಳು.

ಅಮೆರಿಕದ ವಿದ್ವಾಂಸ ಗೋರ್ಡನ್ ಝಾನ್ 1964ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಿಂದ ಈ ರೈತನ ಹೆಸರು ಲೋಕಕ್ಕೆ ತಿಳಿಯಿತು. ಅದರ ಮರುವರ್ಷ, ಹಿಂದೆ ನಮ್ಮ ಮುಂಬಯಿಯ ಮಹಾಧರ್ಮಾಧ್ಯಕ್ಷರಾಗಿದ್ದ ಥಾಮಸ್ ರಾಬರ್ಟ್ಸ್ ಅವರು ಫ್ರಾಂಜರ ನಿದರ್ಶನವನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯ ಮುಂದಿರಿಸಿದರು. 1997ರಲ್ಲಿ ಬರ್ಲಿನ್ನಿನ ನ್ಯಾಯಾಲಯ ಅವರ ಮೇಲಿನ ತೀರ್ಪನ್ನು ರದ್ದುಮಾಡಿತು. 2007ರ ಅಕ್ಟೋಬರ್ 26ರಂದು ಲಿಂಜ್ ಮಹಾದೇವಾಲಯದಲ್ಲಿ ಅವರಿಗೆ ಪುನೀತ ಪದವಿ ಘೋಷಿತವಾದಾಗ 94 ವರ್ಷದ ಫ್ರಾನ್ಸಿಸ್ಕಾ ಅಲ್ಲಿ ಉಪಸ್ಥಿತರಿದ್ದರು. ನೂರು ವರ್ಷ ತುಂಬಿದ ಮೇಲೆ, 2013ರ ಮಾರ್ಚ್‌ನಲ್ಲಿ ಅವರೂ ಪ್ರಭುವಿನಲ್ಲಿ ನಿದ್ರಿಸಿದರು.

ಪ್ರಿಯ ಭಕ್ತಾದಿಗಳೇ, ಫ್ರಾಂಜರ ಸಾವಿನಿಂದ ಆ ಯುದ್ಧ ಒಂದು ದಿನವೂ ಮೊದಲೇ ನಿಲ್ಲಲಿಲ್ಲ. ಆದರೆ ಬಿತ್ತಿದ ಬೀಜ ಯಾವ ಮಳೆಗೆ ಮೊಳೆಯುವುದೆಂದು ರೈತನು ಲೆಕ್ಕ ಹಾಕುತ್ತ ಕೂರುವುದಿಲ್ಲ. ತನ್ನ ಕೆಲಸ ಬಿತ್ತುವುದೆಂದು ಅವನಿಗೆ ಗೊತ್ತು. ಅವರು ಬಿತ್ತಿ ಹೋದರು. ನಮ್ಮ ಮನೆಗಳಲ್ಲಿ, ನಮ್ಮ ಹೊಲಗಳಲ್ಲಿ ಸತ್ಯಕ್ಕಾಗಿ ಒಂಟಿಯಾಗಿ ನಿಲ್ಲಬೇಕಾದ ಗಳಿಗೆ ಬಂದಾಗ ಅವರ ಪ್ರಾರ್ಥನೆ ನಮ್ಮೊಡನಿರಲಿ.