ಚಾರ್ಲ್ಸ್ ಕೆಟರಿಂಗ್

ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್ (1876–1958) ಅಮೆರಿಕದ ಎಂಜಿನಿಯರ್ ಮತ್ತು ಆವಿಷ್ಕಾರಕ. ಕಾರುಗಳಿಗೆ ಬ್ಯಾಟರಿ ಆಧಾರಿತ ಇಗ್ನಿಷನ್ ವ್ಯವಸ್ಥೆ ಮತ್ತು ವಿದ್ಯುತ್ ಸ್ಟಾರ್ಟರ್ ರೂಪಿಸಿದವರಲ್ಲಿ ಇವರು ಪ್ರಮುಖರು. ಕಾಯಿಲ್, ಪಾಯಿಂಟ್ ಮತ್ತು ಡಿಸ್ಟ್ರಿಬ್ಯೂಟರ್‌ಗಳಿರುವ ಹಳೆಯ ಮಾದರಿಯ ಇಗ್ನಿಷನ್ ವ್ಯವಸ್ಥೆಯನ್ನು ಇಂದಿಗೂ ಇವರ ಹೆಸರಿನಿಂದಲೇ ಗುರುತಿಸಲಾಗುತ್ತದೆ. ಸೀಸಯುಕ್ತ ಪೆಟ್ರೋಲ್ ಬಳಕೆಗೆ ಬರುವುದರಲ್ಲಿಯೂ ಇವರ ಪಾತ್ರ ದೊಡ್ಡದು.

ಜನನ ಮತ್ತು ವಿದ್ಯಾಭ್ಯಾಸ

ಕೆಟರಿಂಗ್ ಅವರು 1876ರ ಆಗಸ್ಟ್ 29ರಂದು ಓಹಾಯೋ ರಾಜ್ಯದ ಲೌಡನ್‌ವಿಲ್ ಸಮೀಪದ ಕೃಷಿಕ ಕುಟುಂಬದಲ್ಲಿ ಜನಿಸಿದರು. ಬಾಲ್ಯದಿಂದಲೂ ಅವರ ದೃಷ್ಟಿ ದುರ್ಬಲವಾಗಿತ್ತು. ಓದಲು ಕುಳಿತರೆ ತಲೆನೋವು ಬಾಧಿಸುತ್ತಿತ್ತು. ಕೆಲಕಾಲ ಶಾಲಾ ಶಿಕ್ಷಕರಾಗಿದ್ದು, ಅನಂತರ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯವನ್ನು ಸೇರಿದರು. ಕಣ್ಣಿನ ತೊಂದರೆಯಿಂದ ವ್ಯಾಸಂಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಆ ಅವಧಿಯಲ್ಲಿ ದೂರವಾಣಿ ತಂತಿ ಎಳೆಯುವ ತಂಡದಲ್ಲಿ ದುಡಿದರು. ಮರಳಿ ಬಂದು 1904ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದರು. 1905ರಲ್ಲಿ ಆಲಿವ್ ವಿಲಿಯಮ್ಸ್ ಅವರನ್ನು ವಿವಾಹವಾದರು. ಈ ದಂಪತಿಗೆ ಯೂಜೀನ್ ಎಂಬ ಮಗನಿದ್ದನು.

ಡೆಲ್ಕೊ ಸಂಸ್ಥೆ

ಪದವಿಯ ನಂತರ ಕೆಟರಿಂಗ್ ಡೇಟನ್ ನಗರದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯನ್ನು ಸೇರಿ, ವಿದ್ಯುತ್ ಮೋಟಾರಿನಿಂದ ನಡೆಯುವ ನಗದು ಯಂತ್ರವನ್ನು ರೂಪಿಸಿದರು. ಅಲ್ಲಿನ ಸಹೋದ್ಯೋಗಿ ಎಡ್ವರ್ಡ್ ಡೀಡ್ಸ್ ಅವರ ಮನೆಯ ಕೊಟ್ಟಿಗೆಯಲ್ಲಿ ಬಿಡುವಿನ ವೇಳೆ ಕಾರುಗಳ ವಿದ್ಯುತ್ ಉಪಕರಣಗಳನ್ನು ಕುರಿತು ಪ್ರಯೋಗಗಳು ನಡೆದವು. ಇದೇ ಪ್ರಯತ್ನ 1909ರಲ್ಲಿ ಡೆಲ್ಕೊ ಎಂಬ ಸಂಸ್ಥೆಯಾಗಿ ಬೆಳೆಯಿತು. ಕ್ಯಾಡಿಲಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೆಲ್ಯಾಂಡ್ ಇವರ ಇಗ್ನಿಷನ್ ವ್ಯವಸ್ಥೆಯನ್ನು ತಮ್ಮ ಕಾರುಗಳಿಗೆ ಆಯ್ದುಕೊಂಡರು.

ಆಗ ಎಂಜಿನ್ ಚಾಲನೆಗೆ ಮುಂಭಾಗದ ಹ್ಯಾಂಡಲನ್ನು ಕೈಯಿಂದ ತಿರುಗಿಸಬೇಕಾಗಿತ್ತು. ಎಂಜಿನ್ ಹಿಮ್ಮುಖವಾಗಿ ಒದೆದರೆ ಕೈ ಮುರಿಯುವ ಅಪಾಯವಿತ್ತು. ನಗದು ಯಂತ್ರದ ಅನುಭವದಿಂದ, ಚಿಕ್ಕ ಮೋಟಾರೊಂದು ಕೆಲವು ಕ್ಷಣಗಳ ಮಟ್ಟಿಗೆ ತನ್ನ ಗಾತ್ರಕ್ಕೆ ಮೀರಿದ ಶಕ್ತಿ ನೀಡಬಲ್ಲದೆಂದು ಕೆಟರಿಂಗ್ ತಿಳಿದಿದ್ದರು. ಈ ತತ್ತ್ವದ ಮೇಲೆ ನಿರ್ಮಿಸಿದ ಸ್ಟಾರ್ಟರ್ 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಎಂಜಿನ್ ಓಡತೊಡಗಿದ ಮೇಲೆ ಅದೇ ಯಂತ್ರ ಜನರೇಟರ್ ಆಗಿ ಬ್ಯಾಟರಿಯನ್ನು ತುಂಬುತ್ತಿತ್ತು.

ಕೆಟರಿಂಗ್ ಇಗ್ನಿಷನ್ ಮತ್ತು ಡಿಸ್ಟ್ರಿಬ್ಯೂಟರ್

ಈ ವ್ಯವಸ್ಥೆಯ ಎಲ್ಲ ಭಾಗಗಳೂ ಕೆಟರಿಂಗ್ ಒಬ್ಬರದೇ ಕಲ್ಪನೆಯಲ್ಲ. ಆದರೆ ಬ್ಯಾಟರಿ ಇಗ್ನಿಷನ್ನನ್ನು ದಿನಬಳಕೆಗೆ ನಂಬಬಹುದಾದಂತೆ ಮಾಡಿದ ಕೀರ್ತಿ ಬಹುಮಟ್ಟಿಗೆ ಅವರಿಗೆ ಸಲ್ಲುತ್ತದೆ. ಮುಂದೆ ಸ್ಥಿರಗೊಂಡ ರೂಪದಲ್ಲಿ ಬ್ಯಾಟರಿಯ ವಿದ್ಯುತ್ತು ಕಾಯಿಲಿನ ಪ್ರಾಥಮಿಕ ಸುರುಳಿಯ ಮೂಲಕ ಹರಿಯುತ್ತದೆ. ಡಿಸ್ಟ್ರಿಬ್ಯೂಟರ್‌ನ ಕ್ಯಾಮ್ ಪಾಯಿಂಟ್‌ಗಳನ್ನು ತೆರೆದೊಡನೆ ಆ ಹರಿವು ಕಡಿದು, ದ್ವಿತೀಯ ಸುರುಳಿಯಲ್ಲಿ ಸಾವಿರಾರು ವೋಲ್ಟ್‌ಗಳ ಒತ್ತಡ ಹುಟ್ಟುತ್ತದೆ. ತಿರುಗುವ ರೋಟರ್ ಅದನ್ನು ಸರದಿಯಂತೆ ಪ್ರತಿ ಸಿಲಿಂಡರಿನ ಸ್ಪಾರ್ಕ್ ಪ್ಲಗ್‌ಗೆ ತಲುಪಿಸುತ್ತದೆ. ಪಾಯಿಂಟ್‌ಗಳ ನಡುವೆ ಕಿಡಿ ಹಾರಿ ಅವು ಸುಡದಂತೆ ಕಂಡೆನ್ಸರ್ ತಡೆಯುತ್ತದೆ.

ಹಳೆಯ ಕಾರಿನ ಎಂಜಿನ್ನನ್ನು ಬಿಚ್ಚಿ ಮರುಜೋಡಿಸುವಾಗ ಡಿಸ್ಟ್ರಿಬ್ಯೂಟರ್ ಅಳವಡಿಕೆ ನಿರ್ಣಾಯಕ ಹಂತ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಕ್ರ್ಯಾಂಕ್‌ಶಾಫ್ಟ್‌ನ ಅರ್ಧ ವೇಗದಲ್ಲಿ ತಿರುಗುವುದರಿಂದ, ಒಂದನೆಯ ಪಿಸ್ಟನ್ ಮೇಲಕ್ಕೆ ಬಂದಿದ್ದರಷ್ಟೇ ಸಾಲದು. ಅದು ಕಂಪ್ರೆಷನ್ ಹಂತದಲ್ಲಿಯೇ ಇರಬೇಕು, ಅಂದರೆ ಆ ಸಿಲಿಂಡರಿನ ಎರಡೂ ವಾಲ್ವ್‌ಗಳು ಮುಚ್ಚಿರಬೇಕು. ಎಕ್ಸಾಸ್ಟ್ ಹಂತದಲ್ಲಿ ಜೋಡಿಸಿದರೆ ರೋಟರ್ ಅರ್ಧ ಸುತ್ತು ತಪ್ಪಿ ನಿಲ್ಲುತ್ತದೆ. ಪುಲ್ಲಿಯ ಮೇಲಿನ ಗುರುತನ್ನು ತಯಾರಕರು ಸೂಚಿಸಿದ ಡಿಗ್ರಿಗೆ ತಂದು, ರೋಟರ್ ಒಂದನೆಯ ಪ್ಲಗ್‌ನ ತಂತಿಯ ಕಡೆಗೆ ನೋಡುವಂತೆ ಡಿಸ್ಟ್ರಿಬ್ಯೂಟರನ್ನು ಕೂರಿಸಲಾಗುತ್ತದೆ. ಅನೇಕ ಎಂಜಿನ್‌ಗಳಲ್ಲಿ ಪಾಯಿಂಟ್‌ಗಳ ಅಂತರ ಸುಮಾರು 0.4 ಮಿ.ಮೀ. ಇರುತ್ತದೆ. ಅಂತರವನ್ನು ಹೊಂದಿಸಿದ ನಂತರ, ಪಾಯಿಂಟ್‌ಗಳು ಆಗತಾನೇ ತೆರೆಯುವ ಸ್ಥಾನಕ್ಕೆ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಬಿಗಿ ಮಾಡುತ್ತಾರೆ. ಕೊನೆಯಲ್ಲಿ ಎಂಜಿನ್ ಓಡುತ್ತಿರುವಾಗ ಟೈಮಿಂಗ್ ಲೈಟಿನಿಂದ ಪರಿಶೀಲಿಸುತ್ತಾರೆ. ಭಾರತದಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಪೆಟ್ರೋಲ್ ಕಾರುಗಳಲ್ಲಿಯೂ ಇದೇ ತತ್ತ್ವದ ಡಿಸ್ಟ್ರಿಬ್ಯೂಟರ್ ಇತ್ತು.

ನಾಕಿಂಗ್ ಸಮಸ್ಯೆ ಮತ್ತು ಸೀಸಯುಕ್ತ ಪೆಟ್ರೋಲ್

ಕಿಡಿ ಅಗತ್ಯಕ್ಕಿಂತ ಮುಂಚೆ ಹಾರಿದರೆ ಎಂಜಿನ್ನಿನಲ್ಲಿ ನಾಕಿಂಗ್ ಎಂಬ ಬಡಿತದ ಸದ್ದು ಕೇಳಿಬರುತ್ತದೆ. ಆದ್ದರಿಂದ ಆ ಕಾಲದಲ್ಲಿ ಈ ದೋಷವನ್ನು ಕೆಲವರು ಕೆಟರಿಂಗ್ ಅವರ ಇಗ್ನಿಷನ್ ವ್ಯವಸ್ಥೆಯ ಮೇಲೆಯೇ ಹೊರಿಸಿದರು. ಇಂಧನದ ಗುಣವೂ ಇದಕ್ಕೆ ಕಾರಣವೆಂದು ಭಾವಿಸಿದ ಅವರು, ತಮ್ಮ ಸಹಾಯಕ ಥಾಮಸ್ ಮಿಜ್ಲಿ ಅವರನ್ನು ಸಂಶೋಧನೆಗೆ ತೊಡಗಿಸಿದರು. ಮದ್ಯಸಾರದ ಮಿಶ್ರಣವೂ ಸೇರಿದಂತೆ ಹಲವು ವಸ್ತುಗಳ ಪರೀಕ್ಷೆ ನಡೆಯಿತು. 1921ರ ಡಿಸೆಂಬರ್‌ನಲ್ಲಿ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವು ಅತ್ಯಲ್ಪ ಪ್ರಮಾಣದಲ್ಲಿಯೇ ನಾಕಿಂಗನ್ನು ಅಡಗಿಸುವುದು ಕಂಡುಬಂದಿತು.

ಸೀಸ ವಿಷಕಾರಿ ಎಂಬುದು ಆಗಲೇ ತಿಳಿದಿದ್ದ ಸಂಗತಿ. ಆದರೂ ಈ ಪೆಟ್ರೋಲಿನ ಮಾರಾಟ 1923ರಲ್ಲಿ ಆರಂಭವಾಯಿತು. ಮರುವರ್ಷ ಸ್ಥಾಪನೆಯಾದ ಈಥೈಲ್ ಕಂಪನಿಗೆ ಕೆಟರಿಂಗ್ ಮೊದಲ ಅಧ್ಯಕ್ಷರಾದರು. 1924ರ ಅಕ್ಟೋಬರ್‌ನಲ್ಲಿ ನ್ಯೂ ಜೆರ್ಸಿಯ ಬೇವೇ ಘಟಕದಲ್ಲಿ ಸೀಸದ ವಿಷದಿಂದ ಐವರು ಕಾರ್ಮಿಕರು ಮೃತಪಟ್ಟರು. 1925ರಲ್ಲಿ ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಆ ವರ್ಷ ಸರ್ಕಾರ ಕರೆದ ಸಭೆಯಲ್ಲಿ ಕೆಟರಿಂಗ್ ಈ ಇಂಧನದ ಪರವಾಗಿಯೇ ವಾದಿಸಿದರು. 1926ರಲ್ಲಿ ಮಾರಾಟ ಪುನರಾರಂಭವಾಗಿ, ಸೀಸಯುಕ್ತ ಪೆಟ್ರೋಲ್ ಜಗತ್ತಿನಾದ್ಯಂತ ಹರಡಿತು. ಹೊಗೆಯ ಮೂಲಕ ಹರಡುವ ಸೀಸ ಮಕ್ಕಳ ಬುದ್ಧಿಬೆಳವಣಿಗೆಗೆ ಹಾನಿಕರವೆಂದು ಸಿದ್ಧಪಟ್ಟ ನಂತರ ಒಂದೊಂದೇ ದೇಶ ಇದನ್ನು ಕೈಬಿಟ್ಟಿತು. ಭಾರತದಲ್ಲಿ ಇದರ ಬಳಕೆ 2000ದಲ್ಲಿ ಕೊನೆಗೊಂಡಿತು. ರಸ್ತೆ ವಾಹನಗಳಿಗೆ ಇದನ್ನು ಕೊನೆಯದಾಗಿ ನಿಲ್ಲಿಸಿದ ದೇಶ ಆಲ್ಜೀರಿಯಾ (2021).

ಜನರಲ್ ಮೋಟಾರ್ಸ್‌ನಲ್ಲಿ

ಡೆಲ್ಕೊ ಸಂಸ್ಥೆ 1916ರಲ್ಲಿ ಮಾರಾಟವಾಗಿ, ಮುಂದೆ ಜನರಲ್ ಮೋಟಾರ್ಸ್‌ನ ಭಾಗವಾಯಿತು. ಕೆಟರಿಂಗ್ 1920ರಿಂದ 1947ರವರೆಗೆ ಆ ಕಂಪನಿಯ ಸಂಶೋಧನಾ ವಿಭಾಗವನ್ನು ಮುನ್ನಡೆಸಿದರು. ಅವರ ನೆಚ್ಚಿನ ಯೋಜನೆಯಾಗಿದ್ದ, ತಾಮ್ರದ ರೆಕ್ಕೆಗಳಿಂದ ಗಾಳಿಯಲ್ಲಿ ತಣಿಯುವ ಎಂಜಿನ್ ವಿಫಲವಾಗಿ, 1923ರಲ್ಲಿ ಆ ಕಾರುಗಳನ್ನು ಹಿಂಪಡೆಯಲಾಯಿತು. ಬೇಗ ಒಣಗುವ ಕಾರಿನ ಬಣ್ಣ ಮತ್ತು ರೈಲು ಎಂಜಿನ್‌ಗಳಿಗೆ ಒಗ್ಗುವ ಹಗುರ ಡೀಸೆಲ್ ಎಂಜಿನ್ ಈ ವಿಭಾಗದ ಯಶಸ್ವಿ ಕಾರ್ಯಗಳು.

ನಿಧನ ಮತ್ತು ಸ್ಮರಣೆ

ಕೆಟರಿಂಗ್ 1958ರ ನವೆಂಬರ್‌ನಲ್ಲಿ ನಿಧನರಾದರು. ಅವರ ಹೆಸರಿನಲ್ಲಿ 180ಕ್ಕೂ ಹೆಚ್ಚು ಪೇಟೆಂಟ್‌ಗಳಿದ್ದವು. 1945ರಲ್ಲಿ ಆಲ್ಫ್ರೆಡ್ ಸ್ಲೋನ್ ಅವರೊಂದಿಗೆ ನ್ಯೂಯಾರ್ಕ್‌ನಲ್ಲಿ ಸ್ಥಾಪಿಸಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಡೇಟನ್ ಪಕ್ಕದ ಕೆಟರಿಂಗ್ ನಗರ ಹಾಗೂ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದ ಕೆಟರಿಂಗ್ ವಿಶ್ವವಿದ್ಯಾಲಯ ಅವರ ಹೆಸರನ್ನು ಹೊಂದಿವೆ. ಎಲೆಕ್ಟ್ರಾನಿಕ್ ಇಗ್ನಿಷನ್ ಬಂದ ಮೇಲೆ ಹೊಸ ಕಾರುಗಳಿಂದ ಪಾಯಿಂಟ್‌ಗಳೂ ಡಿಸ್ಟ್ರಿಬ್ಯೂಟರ್‌ಗಳೂ ಕಣ್ಮರೆಯಾದವು. ಸ್ಟಾರ್ಟರ್ ಮೋಟಾರ್ ಮಾತ್ರ ಇಂದಿಗೂ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಲ್ಲಿ ಉಳಿದುಕೊಂಡಿದೆ.