ಸತ್ಯವೂ ಒಳಿತೂ: ಸಮ್ರಾಟ ಅಶೋಕನ ಬಾಳು

ಕೊಪ್ಪಳದ ಗವಿಮಠದ ಬೆಟ್ಟವನ್ನು ಕಾಣದವರು ನಮ್ಮ ಸೀಮೆಯಲ್ಲಿ ವಿರಳ. ಜಾತ್ರೆಯ ಕಾಲದಲ್ಲಿ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗಗಳಿಂದ ಜನಸಾಗರವೇ ಅಲ್ಲಿಗೆ ಹರಿದು ಬರುತ್ತದೆ. ಆದರೆ ಅದೇ ಬೆಟ್ಟದ ಬಂಡೆಯೊಂದರ ಮೇಲೆ, 2,200 ವರ್ಷಗಳಿಗೂ ಹಿಂದೆ, ಚಕ್ರವರ್ತಿಯೊಬ್ಬನು ತನ್ನ ಅಂತರಂಗವನ್ನು ಪ್ರಜೆಗಳ ಮುಂದೆ ತೆರೆದಿಟ್ಟನೆಂಬುದನ್ನು ಬಲ್ಲವರು ಕೆಲವರೇ. ಆತನೇ ಮೌರ್ಯ ಸಮ್ರಾಟ ಅಶೋಕ. ಸತ್ಯಕ್ಕೂ ಒಳಿತಿಗೂ ಇರುವ ನಂಟು ಎಂಥದು ಎಂಬ ಪುರಾತನ ಜಿಜ್ಞಾಸೆಗೆ ಆತನ ಬಾಳು ಒಂದು ಕನ್ನಡಿಯಂತಿದೆ.

ಚಂದ್ರಗುಪ್ತ ಮೌರ್ಯನ ಮೊಮ್ಮಗನೂ ಬಿಂದುಸಾರನ ಮಗನೂ ಆದ ಅಶೋಕನು ಕ್ರಿ.ಪೂ. 268ರ ಸುಮಾರಿಗೆ ಪಟ್ಟಾಭಿಷಿಕ್ತನಾದನು. ಸಿಂಹಾಸನಕ್ಕಾಗಿ ಆತನು 99 ಮಂದಿ ಸೋದರರನ್ನು ಕೊಲ್ಲಿಸಿದನೆಂದು ಬೌದ್ಧ ಐತಿಹ್ಯಗಳು ಹೇಳುತ್ತವೆ. ಆದರೆ ಪಟ್ಟವೇರಿ 13 ವರ್ಷಗಳಾದ ಬಳಿಕ ನೇಮಿಸಿದ ಧರ್ಮಮಹಾಮಾತ್ರರ ಕರ್ತವ್ಯಗಳನ್ನು ವಿವರಿಸುವಾಗ, ಅವನ ಶಾಸನವೇ ಅವನ ಸೋದರ ಸೋದರಿಯರ ಮನೆವಾರ್ತೆಯನ್ನು ಪ್ರಸ್ತಾಪಿಸುತ್ತದೆ. ಪರಿವರ್ತನೆಯ ಹಿರಿಮೆಯನ್ನು ಎತ್ತಿ ತೋರಿಸಲು ಕಥೆಗಾರರು ಪೂರ್ವದ ಪಾಪವನ್ನು ಹಿಗ್ಗಿಸಿದರೆಂದು ಊಹಿಸಬಹುದು. ಉದ್ದೇಶವು ಒಳ್ಳೆಯದೇ ಆಗಿದ್ದಿತು. ಆದರೂ ಒಳಿತಿಗೆ ಅಸತ್ಯದ ಊರುಗೋಲು ಏಕೆ ಬೇಕು? ನಿಜವಾದ ಅಶೋಕನು ಆ ಕಥೆಗಳ ಅಶೋಕನಿಗಿಂತ ದೊಡ್ಡವನು.

ಪಟ್ಟಾಭಿಷೇಕವಾಗಿ 8 ವರ್ಷಗಳಾದಾಗ ಕಳಿಂಗ ಯುದ್ಧವು ನಡೆಯಿತು. ಅದರ ವಿವರವನ್ನು ನಮಗೆ ಕೊಟ್ಟವರು ಶತ್ರುಗಳಲ್ಲ, ಗೆದ್ದವನೇ ಕೊಟ್ಟನು. ಒಂದೂವರೆ ಲಕ್ಷ ಜನರು ಸೆರೆಯಾಗಿ ಸಾಗಿಸಲ್ಪಟ್ಟರು, ಒಂದು ಲಕ್ಷ ಜನರು ಹತರಾದರು, ಅದರ ಹಲವು ಪಟ್ಟು ಜನರು ಅಳಿದರು ಎಂದು ಆತನು ತನ್ನ 13ನೆಯ ಬಂಡೆ ಶಾಸನದಲ್ಲಿ ಕೆತ್ತಿಸಿದನು. ತಾವು ನೋವುಣ್ಣದವರು ಸಹ ತಮ್ಮ ಬಂಧುಮಿತ್ರರ ದುಃಖದಿಂದ ನೊಂದರೆಂದೂ, ಇದು ತನ್ನ ಮನಸ್ಸಿಗೆ ಭಾರವಾಗಿದೆಯೆಂದೂ ತಿಳಿಸಿದನು. ವಿಜಯವನ್ನು ಕೊಂಡಾಡುವ ಶಾಸನಗಳು ಲೋಕದಲ್ಲಿ ಅಸಂಖ್ಯ. ವಿಜಯಕ್ಕಾಗಿ ಪಶ್ಚಾತ್ತಾಪಪಡುವ ಶಾಸನವು ಅತ್ಯಪೂರ್ವ.

ಈಗ ನಮ್ಮ ಗವಿಮಠದ ಬಂಡೆಯ ಬಳಿಗೆ ಬರೋಣ. ಇದನ್ನೂ ಸಮೀಪದ ಪಾಲ್ಕಿಗುಂಡಿನ ಶಾಸನವನ್ನೂ ವಿದ್ವಾಂಸರು ಗುರುತಿಸಿದ್ದು 1931ರಲ್ಲಿ. ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಅರಸನು ಇಲ್ಲಿ ಹೇಳುವುದೇನು? ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಹೆಚ್ಚಾಯಿತು. ಆದರೆ ಮೊದಮೊದಲು ತನ್ನಲ್ಲಿ ಸಾಕಷ್ಟು ಶ್ರದ್ಧೆಯಿರಲಿಲ್ಲ. ಸಂಘವನ್ನು ಸಮೀಪಿಸಿದ ಬಳಿಕವೇ ಮನಃಪೂರ್ವಕವಾಗಿ ಪ್ರಯತ್ನಿಸುತ್ತಿರುವೆನು. ಇಂಥ ಪ್ರಯತ್ನದ ಫಲವು ದೊಡ್ಡವರಿಗೆ ಮಾತ್ರವಲ್ಲ, ಸಾಮಾನ್ಯನಿಗೂ ಲಭ್ಯವಾಗುವುದು. ತನ್ನ ಆಲಸ್ಯವನ್ನು ತಾನೇ ಒಪ್ಪಿಕೊಂಡ ಅರಸನ ಉಪದೇಶಕ್ಕೆ ಎಂಥ ತೂಕ ಬಂದಿತೆಂಬುದನ್ನು ವಾಚಕರು ಗಮನಿಸಬೇಕು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ ಆತನು ತಂದೆತಾಯಿಗಳ ಸೇವೆ ಮತ್ತು ಜೀವದಯೆಗಳ ಜೊತೆಯಲ್ಲಿಯೇ ಸತ್ಯಭಾಷಣವನ್ನೂ ವಿಧಿಸಿದನು. ಆ ಆಜ್ಞೆಯು ಹೊರಟ ಸುವರ್ಣಗಿರಿಯು ನಮ್ಮ ಕನಕಗಿರಿಯೇ ಎಂಬುದು ಕೆಲವು ವಿದ್ವಾಂಸರ ಅಭಿಮತ.

ಸತ್ಯವು ನುಡಿಯಲ್ಲಿಯೇ ನಿಲ್ಲಲಿಲ್ಲ. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆ, ದಾರಿಯುದ್ದಕ್ಕೂ ಬಾವಿಗಳು, ನೆರಳಿನ ಮರಗಳು ಏರ್ಪಟ್ಟವು. ಅರಮನೆಯ ಅಡುಗೆಗಾಗಿ ನಡೆಯುತ್ತಿದ್ದ ಪ್ರಾಣಿವಧೆಯು ಬಹುಮಟ್ಟಿಗೆ ನಿಂತಿತು. ಪೂರ್ಣವಾಗಿ ನಿಂತಿತೆಂದು ಮಾತ್ರ ಆತನು ಹೇಳಿಕೊಳ್ಳಲಿಲ್ಲ. ಇನ್ನೂ ಎರಡು ನವಿಲು, ಒಂದು ಜಿಂಕೆ ಕೊಲ್ಲಲ್ಪಡುತ್ತಿವೆ, ಜಿಂಕೆಯೂ ನಿತ್ಯವಲ್ಲ, ಮುಂದೆ ಇವೂ ನಿಲ್ಲುವುವು ಎಂದು ಲೆಕ್ಕ ಒಪ್ಪಿಸಿದನು. ಮಾಡಿದ ಒಳಿತನ್ನು ಇದ್ದುದಕ್ಕಿಂತ ಹಿಗ್ಗಿಸದಿರುವುದೂ ಸತ್ಯವೇ ಅಲ್ಲವೆ?

ಆದರೆ ಅಶೋಕನನ್ನು ಕುರಿತು ಸತ್ಯವನ್ನೇ ಹೇಳುವುದಾದರೆ ಇನ್ನೂ ಎರಡು ಮಾತುಗಳನ್ನು ಮರೆಮಾಚಲಾಗದು. ಕಳಿಂಗದ ನೆಲದಲ್ಲಿಯೇ ಇರುವ ಧೌಳಿ, ಜೌಗಡಗಳ ಬಂಡೆಗಳ ಮೇಲೆ ಆ 13ನೆಯ ಶಾಸನವಿಲ್ಲ. ಅದರ ಬದಲು, ಪ್ರಜೆಗಳೆಲ್ಲರೂ ತನ್ನ ಮಕ್ಕಳೆಂದೂ, ಅಧಿಕಾರಿಗಳು ಯಾರನ್ನೂ ಅನ್ಯಾಯವಾಗಿ ಸೆರೆಯಲ್ಲಿಟ್ಟು ಪೀಡಿಸಬಾರದೆಂದೂ ತಿಳಿಸುವ ಬೇರೆ ಶಾಸನಗಳಿವೆ. ಹಸಿಗಾಯವನ್ನು ಕೆದಕಬಾರದೆಂಬ ಕರುಣೆಯೋ, ದಂಗೆಯೇಳುವರೆಂಬ ರಾಜನೀತಿಯೋ, ಅದನ್ನು ನಿರ್ಣಯಿಸುವುದು ಕಷ್ಟ. ಎಲ್ಲ ಸತ್ಯವನ್ನೂ ಎಲ್ಲೆಡೆಯೂ ಹೇಳಲೇಬೇಕೆಂಬ ನಿಯಮವಿಲ್ಲ, ಮೌನವು ಸುಳ್ಳಲ್ಲ. ಆದರೂ ಕ್ಷಮಾಯಾಚನೆಯು ಮೊದಲು ಸಲ್ಲಬೇಕಾದುದು ನೊಂದವರಿಗೇ ಸರಿ. ಅಲ್ಲದೆ, ಸಾಗಿಸಲ್ಪಟ್ಟ ಒಂದೂವರೆ ಲಕ್ಷ ಜನರನ್ನು ತಾಯ್ನೆಲಕ್ಕೆ ಮರಳಿಸಿದ ಮಾತು ಆತನ ಶಾಸನದಲ್ಲಿ ಕಾಣುವುದಿಲ್ಲ. ಪಾಪನಿವೇದನೆಯ ಜೊತೆಗೆ ಪರಿಹಾರವೂ ಇರಬೇಕೆಂದು ಬಾಲ್ಯದಿಂದ ಕಲಿತ ನಮಗೆ ಈ ಕೊರತೆಯ ಅರ್ಥವು ಸುಲಭವಾಗಿ ಆಗುತ್ತದೆ.

ಅಶೋಕನ ತರುವಾಯ ಸುಮಾರು ಒಂದೂವರೆ ಸಾವಿರ ವರ್ಷಗಳಿಗೆ, 13ನೆಯ ಶತಮಾನದಲ್ಲಿ, ಸಂತ ತೋಮಸ್ ಅಕ್ವಿನಾಸರು ಈ ವಿಷಯವನ್ನು ತರ್ಕಬದ್ಧವಾಗಿ ವಿವೇಚಿಸಿದರು. ಅವರ ಮತದಂತೆ ಸತ್ಯವೂ ಒಳಿತೂ ಎರಡು ಬೇರೆ ವಸ್ತುಗಳಲ್ಲ. ಇರುವುದನ್ನೇ ಬುದ್ಧಿಯು ಅರಿತಾಗ ಸತ್ಯವೆನಿಸುತ್ತದೆ, ಇಚ್ಛೆಯು ಬಯಸಿದಾಗ ಒಳಿತೆನಿಸುತ್ತದೆ. ಹಾಗಾದರೆ ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯಲಾಗದು. ಅನ್ಯ ಧರ್ಮಗಳಲ್ಲಿರುವ ಸತ್ಯವನ್ನೂ ಪಾವನವಾದುದನ್ನೂ ಧರ್ಮಸಭೆಯು ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸಾರಿದುದನ್ನೂ ಇಲ್ಲಿ ಸ್ಮರಿಸಬಹುದು.

ಕ್ರಿ.ಪೂ. 232ರ ಸುಮಾರಿಗೆ ಅಶೋಕನು ಕಾಲವಾದನು. ಕಾಲಕ್ರಮದಲ್ಲಿ ಆ ಲಿಪಿಯನ್ನೇ ಜನರು ಮರೆತರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಓದಿದರು. 1915ರಲ್ಲಿ ದೊರೆತ ಮಸ್ಕಿಯ ಶಾಸನವು ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬುದನ್ನು ದೃಢಪಡಿಸಿತು. ಆತನ ಸಾಮ್ರಾಜ್ಯವು ಅಳಿಯಿತು, ಅರಮನೆಯು ಮಣ್ಣಾಯಿತು. ತನ್ನ ಕುಂದನ್ನು ತಾನೇ ಒಪ್ಪಿಕೊಂಡ ಆ ಕೆಲವು ಸಾಲುಗಳು ಮಾತ್ರ ನಮ್ಮ ಕೊಪ್ಪಳದ ಬಂಡೆಯ ಮೇಲೆ ಇಂದಿಗೂ ನಿಂತಿವೆ.