ಚಕ್ರವಾಲದ ಭಾಸ್ಕರಾಚಾರ್ಯರು

ನಾನು ಈ ಸಲ ಭಾಸ್ಕರಾಚಾರ್ಯರ ಬಗ್ಗೆ ಬರೆದಿದ್ದೇನೆ. ಅವರು ಹುಟ್ಟಿದ್ದು 1114ರಲ್ಲಿ. ಊರು ನಮ್ಮ ವಿಜಯಪುರ ಅಂತ ಹಲವರು ಹೇಳ್ತಾರೆ. ತಂದೆ ಮಹೇಶ್ವರರೇ ಗುರುಗಳು. 36ನೇ ವಯಸ್ಸಿಗೆ ‘ಸಿದ್ಧಾಂತ ಶಿರೋಮಣಿ’ ಬರೆದರು. ಅದರ ‘ಬೀಜಗಣಿತ’ ಭಾಗದಲ್ಲಿ ಚಕ್ರವಾಲ ಎಂಬ ವಿಧಾನವಿದೆ.

ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಪೂರ್ಣವರ್ಗ ಬರಬೇಕು. ಆ ಸಂಖ್ಯೆ ಯಾವುದು? ಊಹಿಸ್ತಾ ಕೂತರೆ ಮುಗಿಯಲ್ಲ, ಯಾಕಂದ್ರೆ ಸೊನ್ನೆ ಬಿಟ್ಟರೆ ಅತಿ ಚಿಕ್ಕ ಉತ್ತರವೇ 22,61,53,980! ಚಕ್ರವಾಲದಲ್ಲಿ ಒಂದು ಸುತ್ತಿನಲ್ಲಿ ಬಂದ ಸಂಖ್ಯೆಗಳನ್ನು ಮುಂದಿನ ಸುತ್ತಿಗೆ ಹಾಕಬೇಕು. ಸರಿಯುತ್ತರ ಬಂದಾಗ ನಿಲ್ಲಿಸಬೇಕು. ಹೀಗೆ ಸುತ್ತುವುದನ್ನೇ ಇಂದು ಕಂಪ್ಯೂಟರ್ ಪ್ರೋಗ್ರಾಂನಲ್ಲಿ ಲೂಪ್ ಅಂತಾರೆ. ವೆಬ್‌ಸೈಟ್ ಮಾಡುವವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಭಾಸ್ಕರಾಚಾರ್ಯರ ಹತ್ತಿರ ಕಂಪ್ಯೂಟರ್ ಇರಲಿಲ್ಲ. ಹಾಗಾದರೆ ಹನುಮಂತನಗರದಲ್ಲಿ ಮನೇಲಿ ಕಂಪ್ಯೂಟರ್ ಇಲ್ಲದ ನಾವೂ ನೋಟ್‌ಬುಕ್ಕಿನಲ್ಲಿ ಹಂತ ಹಂತವಾಗಿ ಬರೆದು ಕಲಿಯಬಹುದಲ್ಲವೇ?

– 7ನೇ ತರಗತಿ